ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯಗಳೂ ನಮ್ಮೂರಿನ ಕಲ್ಲುಗಳೂ

ವಿಶ್ವವಿದ್ಯಾನಿಲಯವೆಂದೊಡನೆ ನಮ್ಮ ಜನರ ಕಣ್ಣ ಮುಂದೆ ನಿಲ್ಲುವುವು ಪರೀಕ್ಷೆ, ಪದವಿ, ಪುಸ್ತಕಭಂಡಾರ ಇವು ಮೂರೇ. ಅದರ ಆವರಣದಲ್ಲಿ ಮತ್ತೊಂದು ಬಗೆಯ ಭಂಡಾರವೂ ಉಂಟೆಂಬುದು, ಅದು ಪದವೀಧರನಿಗೆಂತೋ ಹೊಲದಲ್ಲಿ ದುಡಿಯುವ ರೈತನಿಗೂ ಶಾಲೆಯ ಬಾಲಕಿಗೂ ಅಂತೆಯೇ ಸಲ್ಲುವುದೆಂಬುದು ಎಷ್ಟೋ ಮಂದಿಗೆ ತಿಳಿಯದು. ಪುಸ್ತಕಭಂಡಾರದಲ್ಲಿ ಹಿಂದಿನವರು ಹೇಳಿದ ಮಾತು ಸಿಕ್ಕುವುದು. ವಸ್ತುಸಂಗ್ರಹಾಲಯದಲ್ಲಿ ಅವರ ಕೈ ಮುಟ್ಟಿದ ವಸ್ತುವೇ ಸಿಕ್ಕುವುದು. ಅರಸನು ಹೊರಡಿಸಿದ ತಾಮ್ರಪಟ, ಊರವರು ನೆಟ್ಟ ವೀರಗಲ್ಲು, ಲಿಪಿಕಾರನು ಗೀರಿದ ತಾಳೆಗರಿ, ಅಜ್ಜಿ ಕಾಳು ಅಳೆದ ಸೇರು, ಇವೆಲ್ಲವೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿರುವುವು. ಗಡಿಯಲ್ಲಿ ಬಾಳುವ ನಮಗೆ ಈ ಭಂಡಾರದಿಂದ ಆಗುವ ಪ್ರಯೋಜನವೇನು? ನೋಡಿ ಸಂತೋಷಪಟ್ಟು ಮರಳಿದರೆ ಸಾಕೇ, ಅಥವಾ ನಾವು ಮಾಡಬೇಕಾದುದೇನಾದರೂ ಉಳಿದಿದೆಯೇ? ಈ ಪ್ರಶ್ನೆಯನ್ನು ಸಂಘದ ವಾರ್ಷಿಕೋತ್ಸವದ ಈ ಶುಭಸಂದರ್ಭದಲ್ಲಿ ವಾಚಕರ ಮುಂದಿಡಬಯಸುತ್ತೇವೆ.

ನಮಗೆ ಸಮೀಪದ್ದು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹಾಲಯ. ಇದರ ಹುಟ್ಟಿನ ಕಥೆಯನ್ನು ನಮ್ಮ ಮಕ್ಕಳು ತಿಳಿದಿರಬೇಕು. ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲವದು. ಮೈಸೂರು ಸಂಸ್ಥಾನದಲ್ಲಿ ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸುವ ಕಾರ್ಯ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೊದಲಾಗಿದ್ದರೂ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೆ ಅಂಥ ತಮ್ಮದೇ ಆದ ಏರ್ಪಾಡು ಬಹುಕಾಲ ಇರಲಿಲ್ಲ. ಈ ಕೊರತೆಯನ್ನು ನೀಗಲೆಂದು ಮುಂಬಯಿ ಸರಕಾರವು 1939ರಲ್ಲಿ ಧಾರವಾಡದಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿತು. ಮೊದಲ ನಿರ್ದೇಶಕರಾದ ಆರ್. ಎಸ್. ಪಂಚಮುಖಿಯವರು ಊರೂರು ತಿರುಗಿ ಶಾಸನಗಳನ್ನು ಪ್ರತಿಮಾಡಿಸಿ ಸಂಪುಟಗಳಾಗಿ ಹೊರತಂದರು. ಮುಂದೆ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಮುಂಬಯಿಯಲ್ಲಿ ಹುಟ್ಟಿ, 1950ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿತು. ರಾಜ್ಯಗಳ ಪುನರ್ವಿಂಗಡಣೆಯ ತರುವಾಯ ಸಂಸ್ಥೆಯೂ ಅದರ ಸಂಗ್ರಹವೂ ಆ ವಿಶ್ವವಿದ್ಯಾಲಯದ ಅಂಗವಾದುವು. ಹೀಗೆ ಕನ್ನಡದ ರಾಜ್ಯವು 1956ರಲ್ಲಿ ಒಂದಾಗುವುದಕ್ಕೆ ಹದಿನೇಳು ವರ್ಷ ಮೊದಲೇ ಕನ್ನಡದ ಕಲ್ಲುಗಳು ಒಂದೆಡೆ ಸೇರತೊಡಗಿದ್ದುವು.

ನಮ್ಮ ಶಾಲೆಯ ಮೇಲಿನ ತರಗತಿಯ ಮಕ್ಕಳೊಡನೆ ಸಂಕೇಶ್ವರ, ಬೆಳಗಾವಿ, ಕಿತ್ತೂರುಗಳ ಮಾರ್ಗವಾಗಿ ನಾವು ಈ ಸಂಗ್ರಹಾಲಯವನ್ನು ನೋಡಿಬಂದೆವು. ಶಿಲ್ಪಗಳು, ಶಾಸನಶಿಲೆಗಳು, ವೀರಗಲ್ಲುಗಳು, ತಾಮ್ರಪಟಗಳು, ನಾಣ್ಯಗಳು, ಓಲೆಯ ಮತ್ತು ಕಾಗದದ ಹಸ್ತಪ್ರತಿಗಳು, ಹೀಗೆ ಬಗೆಬಗೆಯ ವಸ್ತುಗಳು ಅಲ್ಲಿ ಸಂಗ್ರಹವಾಗಿವೆ. ದೇವರ ಮೂರ್ತಿಗಳ ಮುಂದೆ ಮಕ್ಕಳು ರೂಢಿಯಂತೆ ಕೈಮುಗಿದರು. ವೀರಗಲ್ಲುಗಳ ಮುಂದೆ ಏನು ಮಾಡಬೇಕೆಂದು ತಿಳಿಯದೆ ನಿಂತರು. ವೀರಗಲ್ಲನ್ನು ಪುಸ್ತಕದ ಪುಟದಂತೆ ಮೇಲಿನಿಂದಲ್ಲ, ಕೆಳಗಿನಿಂದ ಮೇಲಕ್ಕೆ ಓದಬೇಕೆಂದು ಅವರಿಗೆ ತಿಳಿಸಿಕೊಟ್ಟೆವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಹಲವು ಕಲ್ಲುಗಳಲ್ಲಿ ಅದು ಊರ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿದ ಕಾಳಗ. ನಡುವಿನ ಪಟ್ಟಿಕೆಯಲ್ಲಿ ಮಡಿದ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವ ನೋಟ. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಮುಂದೆಯೋ ಜಿನನ ಮುಂದೆಯೋ ಕುಳಿತ ಭಂಗಿ. ಶಿಖರದಲ್ಲಿ ಸೂರ್ಯಚಂದ್ರರು. ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಅವನ ಹೆಸರು, ಊರು, ಕಾಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅರಮನೆಯ ಚರಿತ್ರೆಯಲ್ಲಿ ಸಾಮಾನ್ಯನಿಗೆ ಎಡೆಯಿಲ್ಲವೆಂದು ಹೇಳುವುದುಂಟು. ಆದರೆ ದನ ಕಾಯಲು ಹೋಗಿ ಪ್ರಾಣಬಿಟ್ಟವನ ಹೆಸರನ್ನು ಊರವರು ಕಲ್ಲಿನಲ್ಲಿ ಉಳಿಸಿದರು. ಮದ್ದೂರು ಸೀಮೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಕಲ್ಲಿನಲ್ಲಿ ಕಾಳಿಯೆಂಬ ಬೇಟೆನಾಯಿಯ ಹೆಸರೂ ಉಳಿದಿದೆ. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಗೆ ಅದರ ಒಡೆಯನು ಕಲ್ಲು ನಿಲ್ಲಿಸಿದನು. ಅದೇ ಕಲ್ಲಿನಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಮಹಾಯುದ್ಧದ ವಾರ್ತೆಯೂ ಇದೆ. ದೊರೆಯ ಯುದ್ಧವೂ ನಾಯಿಯ ಮರಣವೂ ಒಂದೇ ಶಿಲೆಯಲ್ಲಿ! ಈ ಕಥೆಯನ್ನು ಹೇಳಿದ ಮೇಲೆ ನಮ್ಮ ಮಕ್ಕಳು ಪ್ರತಿಯೊಂದು ಕಲ್ಲಿನ ಮುಂದೆಯೂ ಬಗ್ಗಿ ಹೆಸರು ಹುಡುಕತೊಡಗಿದರು. ಒಬ್ಬ ಬಾಲಕಿಯು ಒಂದು ದಾನಶಾಸನದ ಮೊದಲ ಪಂಕ್ತಿಯಲ್ಲಿ ಬೆರಳು ಸೋಕಿಸದೆ ಗಾಳಿಯಲ್ಲಿಯೇ ಅಕ್ಷರಗಳನ್ನು ತಿದ್ದುತ್ತ "ಸ್ವಸ್ತಿ" ಎಂದು ಓದಿದಳು. ಉಳಿದುದು ಅವಳಿಗೆ ತಿಳಿಯಲಿಲ್ಲ. ಆ ಎರಡಕ್ಷರದಿಂದ ಅವಳಿಗಾದ ಆನಂದವು ನಮ್ಮ ನೆನಪಿನಲ್ಲಿ ನಿಂತಿದೆ. ಮತ್ತೊಬ್ಬ ಬಾಲಕನು ಆಕಳು ಕರು, ಖಡ್ಗ, ಲಿಂಗ, ಸೂರ್ಯಚಂದ್ರರನ್ನು ಕೊರೆದ ದಾನದ ಕಲ್ಲನ್ನು ಕಂಡು, "ಗುರುಗಳೇ, ಇಂಥಾದು ನಮ್ಮ ಊರಾಗ ಬಾವಿ ಹತ್ರ ಐತ್ರಿ, ನಮ್ಮವ್ವ ಅದಕ್ಕ ಅರಿಷಿಣ ಕುಂಕುಮ ಹಚ್ಚತಾಳ್ರಿ" ಎಂದನು. ಸೂರ್ಯಚಂದ್ರರಿರುವ ತನಕ ಈ ದಾನವು ನಡೆಯಲೆಂಬುದೇ ಆ ಚಿತ್ರದ ಅರ್ಥವೆಂದು ತಿಳಿದಾಗ ಅವನು ಮೌನವಾದನು. ಅವನ ತಾಯಿ ಪೂಜಿಸುತ್ತ ಬಂದ ಕಲ್ಲು ಅವನಿಗೆ ಆ ದಿನ ಮೊದಲ ಬಾರಿಗೆ ಮಾತನಾಡಿತು.

ತಾಮ್ರಪಟಗಳ ರಚನೆಯೂ ಸ್ವಾರಸ್ಯವಾದುದು. ಸಾಮಾನ್ಯವಾಗಿ ಮೂರು ಹಲಗೆಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ಸಂದಿಗೆ ರಾಜಮುದ್ರೆಯನ್ನೊತ್ತುವರು. ಚಾಲುಕ್ಯರದು ವರಾಹ, ರಾಷ್ಟ್ರಕೂಟರದು ಗರುಡ. ಹೊರಮೈಗಳನ್ನು ಬರಿದಾಗಿ ಬಿಟ್ಟು ಒಳಮೈಗಳಲ್ಲಿ ಅಕ್ಷರ ಕೊರೆಯುವರು. ಅಂಚನ್ನು ತುಸು ಎತ್ತರಿಸಿ ಅಕ್ಷರಗಳು ಉಜ್ಜಿಹೋಗದಂತೆ ನೋಡಿಕೊಳ್ಳುವರು. ಇವನ್ನು ಕಾಣುವಾಗ ನಮಗೆ ನಮ್ಮ ಗಡಹಿಂಗ್ಲಜ ತಾಲೂಕಿನದೇ ನೆನಪಾಗದಿರದು. ಇಲ್ಲಿಯ ಸಾಮಾನಗಡದ ಕೋಟೆಯನ್ನು ಮರಾಠರ ಇತಿಹಾಸದಲ್ಲಿಯೂ 1844ರ ಗಡಕರಿಗಳ ಬಂಡಾಯದಲ್ಲಿಯೂ ಎಲ್ಲರೂ ಕೇಳಿಬಲ್ಲರು. ಆದರೆ ಅದೇ ಸಾಮಾನಗಡದಲ್ಲಿ ದೊರೆತ ರಾಷ್ಟ್ರಕೂಟ ದಂತಿದುರ್ಗನ ತಾಮ್ರಪಟವು ಶಕ 675, ಎಂದರೆ ಕ್ರಿ.ಶ. 753-54ರದು. ಅದರ ಭಾಷೆ ಸಂಸ್ಕೃತ, ಲಿಪಿ ನಾಗರಿ. ಕಂಚಿಯ ಅರಸರನ್ನೂ ಕೇರಳ ಚೋಳ ಪಾಂಡ್ಯರನ್ನೂ ಉತ್ತರದ ಹರ್ಷನನ್ನೂ ಸೋಲಿಸಿದ್ದ ಕರ್ಣಾಟಕದ ಸೈನ್ಯವನ್ನು ದಂತಿದುರ್ಗನು ಅಲ್ಪ ಪರಿವಾರದೊಡನೆ ಗೆದ್ದನೆಂದು ಅದು ಹೊಗಳುತ್ತದೆ. ಆ ಸೈನ್ಯವು ಬಾದಾಮಿಯ ಚಾಲುಕ್ಯರದು. ಗೆದ್ದವನೇ ಸೋತವರ ಹಿರಿಮೆಯನ್ನು ಹೀಗೆ ಸಾರಿದ್ದಾನೆ. ಅವನ ವಂಶದಲ್ಲಿಯೇ ಮುಂದಣ ಶತಮಾನದಲ್ಲಿ ನೃಪತುಂಗನಾಗಿ, ಅವನ ಆಸ್ಥಾನದಲ್ಲಿ 'ಕವಿರಾಜಮಾರ್ಗ'ವು ರಚಿತವಾಯಿತು. ನಮ್ಮ ತಾಲೂಕಿನ ಬೆಟ್ಟದ ಮೇಲೆ ದೊರೆತ ತಾಮ್ರದ ಹಲಗೆಯಲ್ಲಿ ಕರ್ಣಾಟಕವೆಂಬ ಹೆಸರು ನಾಗರಿ ಲಿಪಿಯಲ್ಲಿದೆ ಎಂಬುದನ್ನು ನಮ್ಮ ಎಷ್ಟು ಮನೆಗಳಲ್ಲಿ ಬಲ್ಲರು? ಚರಿತ್ರೆಯು ಒಂದು ಲಿಪಿಯ ಗೆರೆಯೊಳಗೆ ನಿಲ್ಲುವುದಿಲ್ಲವೆಂಬ ಪಾಠವೂ ಇದರಲ್ಲಿದೆ.

ವಸ್ತುವನ್ನು ಕಾಪಾಡುವುದೇ ಸಂಗ್ರಹಾಲಯದ ಕೆಲಸವೆಂದು ತಿಳಿದವರಿಗೆ ಮೈಸೂರಿನ ಒಂದು ನಿದರ್ಶನವನ್ನು ಹೇಳಬಹುದು. 1891ರಲ್ಲಿ ಅಲ್ಲಿ ಪ್ರಾಚ್ಯಪುಸ್ತಕಾಲಯವು ಸ್ಥಾಪಿತವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದಾಗ ಅದು ಅದರೊಳಗೆ ಸೇರಿತು. ಆ ಪುಸ್ತಕಾಲಯಕ್ಕೆ 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಒಂದು ಕಟ್ಟನ್ನು ಕೊಟ್ಟರು. ಲಿಪಿ ಗ್ರಂಥ. ಆರ್. ಶಾಮಾಶಾಸ್ತ್ರಿಗಳು ಅದನ್ನು ಓದಿ, ಶತಮಾನಗಳಿಂದ ಲುಪ್ತವಾಗಿದೆಯೆಂದು ವಿದ್ವಾಂಸರು ಭಾವಿಸಿದ್ದ ಕೌಟಿಲ್ಯನ 'ಅರ್ಥಶಾಸ್ತ್ರ'ವೇ ಅದೆಂದು ಗುರುತಿಸಿದರು, 1909ರಲ್ಲಿ ಅಚ್ಚುಮಾಡಿಸಿದರು. ಭಾರತದ ರಾಜ್ಯಶಾಸ್ತ್ರದ ಚರಿತ್ರೆಯನ್ನೇ ವಿದ್ವಾಂಸರು ಹೊಸದಾಗಿ ಬರೆಯಬೇಕಾಯಿತು. ಗರಿಗಳು ಹಾಳಾಗದೆ ಉಳಿದಿದ್ದುದು ಒಂದು ಪುಣ್ಯ. ಆ ಲಿಪಿಯನ್ನು ಓದಬಲ್ಲವರೊಬ್ಬರು ಅಲ್ಲಿದ್ದುದು ಅದಕ್ಕಿಂತ ದೊಡ್ಡ ಪುಣ್ಯ. ಓದುಗನಿಲ್ಲದಿದ್ದರೆ ಆ ಕಟ್ಟು ಹಳೆಯ ಎಲೆಗಳ ಕಟ್ಟಾಗಿಯೇ ಕಪಾಟಿನಲ್ಲಿ ಕುಳಿತಿರುತ್ತಿತ್ತು. ವಸ್ತು ಉಳಿದರೆ ಸಾಲದು, ಅದನ್ನು ಓದುವವನೂ ಉಳಿಯಬೇಕು. ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವ ಮಾತು ಇದೊಂದೇ.

ಓದುವುದೆಂದರೆ ಅಕ್ಷರವನ್ನು ಮಾತ್ರವಲ್ಲ. ಅದೇ ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಆರಂಭಿಸಿತು. ರಾಜಕುಮಾರಿಗಾಗಿ ಕಟ್ಟಿಸಿದ ಆ ಅರಮನೆಗೆ ತೊಗಲುಗೊಂಬೆಗಳು, ಯಕ್ಷಗಾನದ ವೇಷಭೂಷಣಗಳು, ಗ್ರಾಮದೇವತೆಗಳ ಉತ್ಸವದ ಸೋಮನ ಮುಖಗಳು, ದೀಪಗಳು, ಅಳತೆಯ ಪಾತ್ರೆಗಳು, ಬೇಸಾಯದ ಉಪಕರಣಗಳು ಬಂದು ಸೇರಿದುವು. ಹಳ್ಳಿಯ ಬಡವನ ಮನೆಯ ಸಾಮಾನು ಅರಮನೆಯನ್ನು ಹೊಕ್ಕಿತು! ಜೀ. ಶಂ. ಪರಮಶಿವಯ್ಯನವರಂಥ ವಿದ್ವಾಂಸರು ಅವನ್ನು ಕೂಡಿಹಾಕಲು ಶ್ರಮಿಸಿದರು. ಇದನ್ನು ಕೇಳಿದಾಗ ನಮ್ಮ ಮನೆಗಳ ಅಟ್ಟದ ಕಡೆಗೆ ದೃಷ್ಟಿ ಹೋಗಬೇಕು. ಅಜ್ಜಿ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ, ಬೀಸುವ ಕಲ್ಲು, ಒಳ್ಳು ಒನಕೆ, ಬಿತ್ತುವ ಕೂರಿಗೆ, ಸೇರು ಸೊಲಗಿ, ಇವುಗಳಿಗೂ ಹೆಸರುಂಟು, ಅಂಗಾಂಗಗಳುಂಟು, ಅವುಗಳೊಡನೆ ಹಾಡುಂಟು. ಕೂರಿಗೆಯ ಒಂದೊಂದು ಭಾಗಕ್ಕೂ ನಮ್ಮ ರೈತನಲ್ಲಿ ಒಂದೊಂದು ಕನ್ನಡ ಪದವಿದೆ. ಕೂರಿಗೆಯು ಕಾಣೆಯಾದ ದಿನ ಆ ಪದಗಳೂ ಕಾಣೆಯಾಗುವುವು. ನಿಘಂಟಿನಲ್ಲಿ ಅವಕ್ಕೆ ಜಾಗವಿಲ್ಲದಿದ್ದರೆ ಮರಳಿ ಪಡೆಯುವ ಬಗೆಯೇ ಇಲ್ಲ.

ಇನ್ನು ಕೊಲ್ಲಾಪುರಕ್ಕೆ ಬರೋಣ. ಪಂಚಗಂಗೆಯ ದಂಡೆಯ ಬ್ರಹ್ಮಪುರಿಯಲ್ಲಿ 1945-46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಸಂಕಾಳಿಯ ಮತ್ತು ದೀಕ್ಷಿತರು ಉತ್ಖನನ ನಡೆಸಿದರು. ಸಾತವಾಹನರ ಕಾಲದ ಮನೆಗಳು ಅಲ್ಲಿ ಹೊರಬಂದುವು. ಆ ದಿಬ್ಬದಲ್ಲಿ ದೊರೆತ ಕಂಚಿನ ಸಾಮಗ್ರಿಯಲ್ಲಿ ಪೊಸೈಡನ್ ಎಂಬ ಯವನರ ಸಮುದ್ರದೇವತೆಯ ಪುಟ್ಟ ಮೂರ್ತಿಯೊಂದಿದೆ. ಕಡಲಾಚೆಯ ರೋಮಿನೊಡನೆ ನಮ್ಮ ಸೀಮೆಗೆ ವ್ಯಾಪಾರವಿತ್ತೆಂಬುದಕ್ಕೆ ಅದು ಸಾಕ್ಷಿ. ಆ ವಸ್ತುಗಳನ್ನು ಕೊಲ್ಲಾಪುರದ ಟೌನ್ ಹಾಲ್ ಸಂಗ್ರಹಾಲಯದಲ್ಲಿ ಕಾಣಬಹುದು. 1962ರಲ್ಲಿ ಸ್ಥಾಪಿತವಾದ ಶಿವಾಜಿ ವಿಶ್ವವಿದ್ಯಾಪೀಠದ ಆವರಣದಲ್ಲಿ, 'ಯಯಾತಿ' ಕಾದಂಬರಿಗಾಗಿ ಜ್ಞಾನಪೀಠ ಪ್ರಶಸ್ತಿ ಪಡೆದ ವಿ. ಸ. ಖಾಂಡೇಕರರ ಸ್ಮೃತಿ ಸಂಗ್ರಹಾಲಯವಿದೆ. ನೆರೆಯ ಭಾಷೆಯು ತನ್ನ ಲೇಖಕನನ್ನು ಎಷ್ಟು ಆದರದಿಂದ ಕಾಪಾಡಿಕೊಂಡಿದೆಯೆಂಬುದನ್ನು ನಮ್ಮ ಮಕ್ಕಳೂ ನೋಡಿ ಕಲಿಯುವಂತಿದೆ.

ಅದೇ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಇಬ್ಬರು ಮಹನೀಯರು ಕಲಿಸುತ್ತಿದ್ದರು. ಕನ್ನಡದ ಪ್ರಾಧ್ಯಾಪಕ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಓದಿ 1939ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಧಾರವಾಡದ ಸಂಸ್ಥೆ ಹುಟ್ಟಿದ ವರ್ಷವೂ ಅದೇ ಎಂಬುದನ್ನು ನೆನೆಯಬೇಕು. ಸಂಸ್ಥೆಯೊಂದು ಮಾಡುವ ಕೆಲಸವನ್ನು ಇಲ್ಲಿ ಒಬ್ಬ ಅಧ್ಯಾಪಕರು ಮಾಡಿದರು. ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದ ಸದಲಗಿಯ ಆ. ನೇ. ಉಪಾಧ್ಯೆಯವರು 1943ರಲ್ಲಿ ಹರಿಷೇಣನ 'ಬೃಹತ್ಕಥಾಕೋಶ'ವನ್ನು ಸಂಪಾದಿಸುತ್ತ ಅದರ ಪೀಠಿಕೆಯಲ್ಲಿ ಕನ್ನಡದ 'ವಡ್ಡಾರಾಧನೆ'ಯನ್ನು ವಿಸ್ತಾರವಾಗಿ ಚರ್ಚಿಸಿದರು, 1949ರಲ್ಲಿ ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆಯಲ್ಲಿ ಆ ಪ್ರಾಚೀನ ಗದ್ಯಕೃತಿ ಬೆಳಕು ಕಂಡಿತು. ನಾಡು ಇವರಿಬ್ಬರ ಋಣವನ್ನು ಮರೆಯಲಿಲ್ಲ. 1961ರ ಗದಗಿನ ಸಾಹಿತ್ಯ ಸಮ್ಮೇಲನಕ್ಕೆ ಕುಂದಣಗಾರರನ್ನೂ 1967ರ ಶ್ರವಣಬೆಳ್ಗೊಳದ ಸಮ್ಮೇಲನಕ್ಕೆ ಉಪಾಧ್ಯೆಯವರನ್ನೂ ಅಧ್ಯಕ್ಷರನ್ನಾಗಿ ಆರಿಸಿತು. ಗಡಿಯ ಊರಿನಲ್ಲಿ ಕುಳಿತು ಪಾಠ ಹೇಳುತ್ತಲೇ ಇಡೀ ಕನ್ನಡಕ್ಕೆ ಕಣ್ಣಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಇವರು ಓದಿದ ಚರಿತ್ರೆ ನಮ್ಮ ಸುತ್ತಲೇ ಹಬ್ಬಿದೆ. ಕೊಲ್ಲಾಪುರದ ಶಿಲಾಹಾರರು ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಶಾಸನಗಳನ್ನು ಬರೆಯಿಸಿದರು. ಅವರಲ್ಲಿ ಗಂಡರಾದಿತ್ಯನು ಮಿರಜ ಸೀಮೆಯಲ್ಲಿ ಗಂಡಸಮುದ್ರವೆಂಬ ಕೆರೆಯನ್ನು ಕಟ್ಟಿಸಿ ಅದರ ದಂಡೆಯಲ್ಲಿ ಶಿವ, ಬುದ್ಧ, ಜಿನ ಮೂವರನ್ನೂ ಪ್ರತಿಷ್ಠಿಸಿದನೆಂದು ಅವನ ತಾಮ್ರಶಾಸನವು ತಿಳಿಸುತ್ತದೆ. ವಿಜಯಾದಿತ್ಯನ ಮಂತ್ರಿಯ ಆಶ್ರಯದಲ್ಲಿ ಕರ್ಣಪಾರ್ಯನು ಕನ್ನಡದಲ್ಲಿ 'ನೇಮಿನಾಥಪುರಾಣ'ವನ್ನು ಬರೆದನು. ನಮ್ಮ ನೆರೆಯ ಆಜರೆಯ ಬಸದಿಯಲ್ಲಿ ಕುಳಿತು ಸೋಮದೇವನು 1205ರಲ್ಲಿ 'ಶಬ್ದಾರ್ಣವಚಂದ್ರಿಕೆ'ಯೆಂಬ ಸಂಸ್ಕೃತ ವ್ಯಾಕರಣವನ್ನು ಮುಗಿಸಿದನು. ಕೃಷ್ಣೆಯ ದಂಡೆಯ ಖಿದ್ರಾಪುರದ ಕೊಪ್ಪೇಶ್ವರದಲ್ಲಿ ಕನ್ನಡ ಶಾಸನಗಳೂ ಯಾದವ ಸಿಂಘಣನ ನಾಗರಿ ಶಾಸನವೂ ಒಂದೇ ಗುಡಿಯನ್ನು ಹಂಚಿಕೊಂಡಿವೆ. ಅತ್ತ ಶ್ರವಣಬೆಳ್ಗೊಳದಲ್ಲಿ ಗೊಮ್ಮಟನ ಪಾದಗಳ ಬಳಿ ಕನ್ನಡ, ತಮಿಳು, ಮರಾಠಿ ಮೂರೂ ಭಾಷೆಗಳ ಬರಹಗಳಿವೆ. ಕನ್ನಡದ ನಡುನಾಡಿನಲ್ಲಿ ಮರಾಠಿಯ ಅತಿ ಪ್ರಾಚೀನ ಪಂಕ್ತಿಗಳಲ್ಲೊಂದು, ಮಹಾರಾಷ್ಟ್ರದ ಗುಡಿಯಲ್ಲಿ ಕನ್ನಡದ ಪಂಕ್ತಿಗಳು. ಕಲ್ಲುಗಳು ಜಗಳವಾಡುವುದಿಲ್ಲ. ಅವನ್ನು ಓದುವ ಯೋಗ್ಯತೆಯು ಎರಡೂ ಕಡೆಯವರಲ್ಲಿ ಇರಬೇಕು, ಅಷ್ಟೇ.

ಆ ಯೋಗ್ಯತೆಗೇ ಈಗ ಕೊರತೆ ಬಂದಿದೆ. ಮಹಾರಾಷ್ಟ್ರದ ಮಣ್ಣಿನಲ್ಲಿರುವ ಕನ್ನಡ ಶಾಸನವನ್ನು ಮೊದಲು ಕಾಣತಕ್ಕವರು ಇಲ್ಲಿಯ ಜನ. ಅವರಲ್ಲಿ ಅದನ್ನು ಮೊದಲು ಗುರುತಿಸತಕ್ಕವರು ಕನ್ನಡ ಕಲಿತ ನಮ್ಮ ಮಕ್ಕಳು. ಕನ್ನಡ ಶಾಲೆಯಲ್ಲಿ ಓದುವ ಮಕ್ಕಳು ವರ್ಷವರ್ಷಕ್ಕೆ ಕಡಮೆಯಾಗುತ್ತ ಹೋದರೆ ಧಾರವಾಡದ ಸಂಗ್ರಹಾಲಯವು ಎಷ್ಟು ಭದ್ರವಾಗಿದ್ದರೂ ನಮ್ಮ ಊರಿನ ಬಾವಿಯ ಹತ್ತಿರದ ಕಲ್ಲಿಗೆ ಓದುಗನಿರಲಾರನು. ಕೆಲವೆಡೆ ಶಾಸನಶಿಲೆಯು ಬಟ್ಟೆ ಒಗೆಯುವ ಕಲ್ಲಾಗಿದೆ, ಕೆಲವೆಡೆ ಗೋಡೆಯ ಪಾಯಕ್ಕೆ ಹೋಗಿದೆ. ಭಕ್ತಿಯಿಂದ ಬಳಿದ ಸುಣ್ಣ, ಎಣ್ಣೆ, ಬಣ್ಣಗಳಲ್ಲಿ ಅಕ್ಷರಗಳು ಮುಚ್ಚಿಹೋಗಿವೆ. ಇದು ಯಾರ ದ್ವೇಷದ ಫಲವೂ ಅಲ್ಲ, ತಿಳಿಯದುದರ ಫಲ.

ಆದುದರಿಂದ ನಮ್ಮ ಕನ್ನಡ ಮನೆತನಗಳಲ್ಲಿ ಕೆಲವು ವಿನಂತಿಗಳು. ಅಕ್ಷರವಿರುವ ಕಲ್ಲನ್ನು ಇದ್ದ ಜಾಗದಿಂದ ಕದಲಿಸಬಾರದು; ಕಲ್ಲಿನ ಅರ್ಥದಲ್ಲಿ ಅರ್ಧ ಅದು ನಿಂತ ನೆಲದಲ್ಲಿರುವುದು. ಕಬ್ಬಿಣದ ಬ್ರಶ್ಶಿನಿಂದಲೂ ಆಮ್ಲದಿಂದಲೂ ತೊಳೆಯಬಾರದು. ಪೂಜೆ ನಡೆಯುವ ಕಲ್ಲಾದರೆ ಅರಿಷಿಣ ಕುಂಕುಮವನ್ನು ಬುಡಕ್ಕೆ ಹಚ್ಚಿ ಅಕ್ಷರದ ಮೈಯನ್ನು ಬರಿದಾಗಿ ಬಿಡುವುದು ದೇವರಿಗೂ ಒಪ್ಪಿಗೆಯಾದೀತು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಸವೆದ ಅಕ್ಷರಗಳೂ ನೆರಳಿನಿಂದ ಎದ್ದು ಕಾಣುವುವು. ಆ ಹೊತ್ತಿನಲ್ಲಿ ಛಾಯಾಚಿತ್ರ ತೆಗೆದು, ಊರು, ಜಾಗ, ಅಳತೆಗಳನ್ನು ಬರೆದು ಧಾರವಾಡದ ಸಂಸ್ಥೆಗೂ ಪುರಾತತ್ವ ಇಲಾಖೆಗೂ ತಿಳಿಸಬೇಕು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ ಕುಂಚದಿಂದ ತಟ್ಟಿ ಮಸಿಯೊತ್ತಿ ಪ್ರತಿ ತೆಗೆಯುವ ಕೆಲಸವನ್ನು ಬಲ್ಲವರಿಗೇ ಬಿಡಬೇಕು. ಅಟ್ಟದಲ್ಲಿ ತಾಳೆಗರಿಯ ಕಟ್ಟಿದ್ದರೆ ಹೊಳೆಗೆ ಬಿಡದೆ ವಿಶ್ವವಿದ್ಯಾಲಯದವರಿಗೆ ತೋರಿಸಬೇಕು. ನಮ್ಮ ವೃತ್ತಿಬಾಂಧವರಲ್ಲಿಯೂ ಒಂದು ಬಿನ್ನಹ: ಹಳಗನ್ನಡದ ಪಾಠ ನಡೆಯುವಾಗ ತಿಂಗಳಿಗೆ ಒಂದು ಗಂಟೆಯನ್ನು ಹಳೆಯ ಅಕ್ಷರಗಳಿಗೆ ಮೀಸಲಿಡೋಣ. ಕನ್ನಡ ಲಿಪಿಯು ಶತಮಾನದಿಂದ ಶತಮಾನಕ್ಕೆ ಹೇಗೆ ತಿರುಗಿತೆಂಬುದನ್ನು ಕರಿಹಲಗೆಯ ಮೇಲೆ ಬರೆದು ತೋರಿಸೋಣ. ವರ್ಷಕ್ಕೊಮ್ಮೆ ಮಕ್ಕಳನ್ನು ಧಾರವಾಡಕ್ಕೋ ಕೊಲ್ಲಾಪುರಕ್ಕೋ ಕರೆದೊಯ್ದು, ಮರಳಿ ಬಂದ ಮೇಲೆ ತಮ್ಮ ತಮ್ಮ ಊರಿನ ಕಲ್ಲುಗಳ ಯಾದಿಯನ್ನು ಅವರಿಂದಲೇ ಮಾಡಿಸೋಣ.

ಸಂಗ್ರಹಾಲಯದ ಗೋಡೆಯೊಳಗೆ ಹಿಡಿಸುವುದು ನಾಡಿನ ಸಂಪತ್ತಿನಲ್ಲಿ ಒಂದು ಹಿಡಿ ಮಾತ್ರ. ಉಳಿದುದು ನಮ್ಮ ಗುಡಿಗಳಲ್ಲಿ, ಹೊಲದ ಬದುಗಳಲ್ಲಿ, ಮನೆಯ ಅಟ್ಟಗಳಲ್ಲಿ ಚೆಲ್ಲಿದೆ. ವಿಶ್ವವಿದ್ಯಾನಿಲಯವು ಓದುವ ಬಗೆಯನ್ನು ಕಲಿಸಬಲ್ಲದು. ಓದುವ ಮಕ್ಕಳನ್ನು ಮಾತ್ರ ನಾವೇ ಕೊಡಬೇಕು. ಹಿರಣ್ಯಕೇಶಿಯ ದಂಡೆಯ ಈ ಸೀಮೆಯಲ್ಲಿ "ಸ್ವಸ್ತಿ" ಎಂಬ ಮೊದಲ ಪದವನ್ನು ಓದಿ ಮುಂದಿನ ಪದಕ್ಕೆ ಕೈಹಾಕುವ ಬಾಲಕ ಬಾಲಕಿಯರು ಪ್ರತಿಯೊಂದು ಊರಿನಲ್ಲಿಯೂ ಇಬ್ಬರಾದರೂ ಬೆಳೆಯಲಿ. ಅಂಥವರನ್ನು ಬೆಳೆಸುವ ಶಕ್ತಿಯನ್ನು ನಮ್ಮ ಸಂಘಕ್ಕೂ ನಮ್ಮ ಶಾಲೆಗಳಿಗೂ ದೈವವು ಕರುಣಿಸಲಿ ಎಂದು ಹಾರೈಸುತ್ತೇವೆ.